ಗೆರೆ ಎಳೆಯುವವನ ಆಟ

ನನಗೆ ಕಬಡ್ಡಿ ಆಡಲು ಬರುವುದಿಲ್ಲ. ಖೋಖೋ ಕಂಬ ಹಿಡಿದು ಎರಡು ಸಲ ತಿರುಗಿದರೆ ತಲೆ ಸುತ್ತುತ್ತದೆ. ಆದರೂ ಹರದನಹಳ್ಳಿಯ ಆಸುಪಾಸಿನಲ್ಲಿ ಯಾವ ಯುವಕ ಸಂಘ ಆಟೋಟ ಇಟ್ಟುಕೊಂಡರೂ, ‘ಅಣ್ಣ, ಟೇಪು ತಗೊಂಡು ಒಂದಿನ ಮುಂಚೆನೇ ಬಂದ್ಬಿಡಿ’ ಎಂದು ಫೋನು ಬರುತ್ತದೆ. ಆಡುವವರಿಗೆ ಗೆಲ್ಲುವ ಖಯಾಲಿ, ನೋಡುವವರಿಗೆ ಕೂಗುವ ಖಯಾಲಿ. ನನ್ನದು ಆಡಿಸುವ ಖಯಾಲಿ.

ಹೊರಗಿನವರಿಗೆ ಹರದನಹಳ್ಳಿ ಎಂದರೆ 1933ರಲ್ಲಿ ಎಚ್.ಡಿ. ದೇವೇಗೌಡರು ಹುಟ್ಟಿದ ಊರು. 1996ರಲ್ಲಿ ಅವರು ಪ್ರಧಾನಿಯಾದಾಗ ಹೊಳೆನರಸೀಪುರ ತಾಲ್ಲೂಕು ಎಲ್ಲಿದೆ ಎಂದು ದೇಶವೇ ನಕಾಶೆ ತೆರೆದು ನೋಡಿತು. ಇಂಥ ಕಡೆ ಹುಡುಗರಿಗೆ ರಾಜಕೀಯ ಹೇಳಿಕೊಡಬೇಕಾಗಿಲ್ಲ. ಎರಡು ತಂಡ ಕಟ್ರೋ ಅಂದರೆ ಮೂರು ಕಟ್ಟುತ್ತಾರೆ. ಮೂರನೆಯದು ಮೊದಲೆರಡರಿಂದ ಒಡೆದು ಬಂದವರದು. ಅವರನ್ನೆಲ್ಲ ಒಂದೇ ಮೈದಾನಕ್ಕೆ ತಂದು, ಸಂಜೆಯವರೆಗೆ ಜಗಳವಿಲ್ಲದೆ ಆಡಿಸಿ ಕಳಿಸುವುದರಲ್ಲಿ ಇರುವ ರುಚಿಯೇ ಬೇರೆ.

ನಮ್ಮ ಕಡೆ ಇದಕ್ಕೆ ಒಳ್ಳೆಯ ಕಾಲ ಜನವರಿ. ರಾಗಿ ಒಕ್ಕಣೆ ಮುಗಿದು ಕೈ ಸ್ವಲ್ಪ ಖಾಲಿ ಇರುತ್ತದೆ. ವಿವೇಕಾನಂದರ ಜನ್ಮದಿನವಾದ 12ನೇ ತಾರೀಖು 1985ರಿಂದ ರಾಷ್ಟ್ರೀಯ ಯುವ ದಿನವಾಗಿರುವುದರಿಂದ ಕಾರ್ಯಕ್ರಮಕ್ಕೆ ನೆಪವೂ ಸಿಗುತ್ತದೆ. 1972ರಲ್ಲಿ ಶುರುವಾದ ನೆಹರು ಯುವ ಕೇಂದ್ರಗಳು ಹಳ್ಳಿ ಸಂಘಗಳಿಗೆ ಈ ಚಟ ಹತ್ತಿಸಿದವು ಅನ್ನಬಹುದು. ದಸರಾ ಕ್ರೀಡಾಕೂಟಕ್ಕೆ ತಾಲ್ಲೂಕಿನಿಂದ ಜಿಲ್ಲೆ, ಅಲ್ಲಿಂದ ವಿಭಾಗ, ಕೊನೆಗೆ ಮೈಸೂರು ಎಂಬ ಏಣಿಯಿದೆ. ಯುವಜನ ಮೇಳದಲ್ಲಾದರೆ ಕೋಲಾಟ, ಸೋಬಾನೆ, ರಾಗಿ ಬೀಸುವ ಪದಕ್ಕೂ ಸ್ಪರ್ಧೆ. ಹಾಡಿನ ಸ್ಪರ್ಧೆಗೆ ಮಾತ್ರ ನಾನು ದೂರ. ಯಾರ ಸೋಬಾನೆ ಮೇಲು ಎಂದು ತೀರ್ಪು ಹೇಳಿ ಅದೇ ದಾರಿಯಲ್ಲಿ ಮನೆಗೆ ನಡೆದು ಹೋಗುವ ಧೈರ್ಯ ನನಗಿಲ್ಲ. ಟೇಪು ಹಿಡಿದು ಅಳೆಯುವಂಥದ್ದೇ ನನ್ನ ಜಾಯಮಾನಕ್ಕೆ ಸರಿ.

ಅಳತೆಯ ಸುಖ ಹಿಂದಿನ ದಿನ ಸಂಜೆಯದು. ಹೆಣ್ಣುಮಕ್ಕಳ ಕಬಡ್ಡಿ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಗಂಡಸರದು 13ಕ್ಕೆ 10. ಅಳೆದು ಗೂಟ ಹೊಡೆಯುವುದು ಯಾರಿಗೂ ಬರುತ್ತದೆ, ಮೂಲೆ ಕೂರಿಸುವುದು ಬರುವುದಿಲ್ಲ. ಗಾರೆ ಕೆಲಸದವರು ಪಾಯಕ್ಕೆ ಮೂಲೆಮಟ್ಟ ನೋಡುವ ಹಾಗೆಯೇ ಇಲ್ಲೂ. ಮೂಲೆಯಿಂದ ಒಂದು ದಿಕ್ಕಿಗೆ 3 ಮೀಟರ್, ಇನ್ನೊಂದು ದಿಕ್ಕಿಗೆ 4 ಮೀಟರ್ ಹುರಿ ಎಳೆದು ಗುರುತು ಹಾಕು. ಎರಡು ಗುರುತಿನ ನಡುವೆ ಸರಿಯಾಗಿ 5 ಮೀಟರ್ ಬರುವ ತನಕ ಹುರಿಯನ್ನು ಆಚೆ ಈಚೆ ಸರಿಸು. ನಾಲ್ಕೂ ಮೂಲೆ ಮುಗಿದ ಮೇಲೆ ಎದುರುಬದುರು ಮೂಲೆಗಳ ನಡುವೆ ಅಡ್ಡಡ್ಡ ಅಳೆಯಬೇಕು. 12ಕ್ಕೆ 8ರ ಅಂಕಣದಲ್ಲಿ ಅದು 14 ಮೀಟರ್ 42 ಸೆಂಟಿಮೀಟರ್. ಎರಡೂ ಕಡೆ ಅಷ್ಟೇ ಬಂತೋ, ಆ ರಾತ್ರಿ ನನಗೆ ಒಳ್ಳೆಯ ನಿದ್ದೆ. ಒಂದು ಕಡೆ 14.60 ಬಂದರೆ ಟಾರ್ಚ್ ಹಿಡಿದಾದರೂ ಸರಿ, ಗೂಟ ಕಿತ್ತು ಮತ್ತೆ ಹೊಡೆಯುತ್ತೇನೆ. ‘ಯಾರ್ ನೋಡ್ತಾರಣ್ಣ ಬಿಡಿ’ ಅನ್ನುವ ಹುಡುಗ ಎಲ್ಲ ಊರಲ್ಲೂ ಒಬ್ಬ ಇರುತ್ತಾನೆ. ಅವನ ಕೈಗೇ ಹುರಿಯ ಆ ತುದಿ ಕೊಡುವುದು ನನ್ನ ಪದ್ಧತಿ.

ಆಮೇಲೆ ಗೆರೆ. ಹಾಲಿನ ಪುಡಿಯ ಹಳೆ ಡಬ್ಬಿಯ ತಳಕ್ಕೆ ಮೊಳೆಯಿಂದ ತೂತು ಹೊಡೆದು, ನೆಲಕ್ಕೆ ನೀರು ಚಿಮುಕಿಸಿ, ಹುರಿಯ ಪಕ್ಕದಲ್ಲೇ ಡಬ್ಬಿ ಕುಟ್ಟಿಕೊಂಡು ಹಿಮ್ಮುಖವಾಗಿ ನಡೆಯಬೇಕು. ಗೆರೆ 5 ಸೆಂಟಿಮೀಟರಿಗಿಂತ ದಪ್ಪ ಬೇಡ. ಓಟಕ್ಕೆ, ಖೋಖೋಗೆ ಸುಣ್ಣ ನಡೆಯುತ್ತದೆ. ಕಬಡ್ಡಿಗೆ ನಾನು ಸುಣ್ಣ ಮುಟ್ಟಿಸುವುದಿಲ್ಲ, ರಂಗೋಲಿ ಪುಡಿಯೇ. ರೇಡರ್ ಹುಡುಗಿ ಮಧ್ಯದ ಗೆರೆ ಮುಟ್ಟಲು ಮುಖ ಅಡಿಯಾಗಿ ಬೀಳುತ್ತಾಳೆ. ಸುಣ್ಣ ಕಣ್ಣಿಗೆ ಹೋದರೆ ಸುಡುತ್ತದೆ.

ಎರಡನೇ ಸುಖ ಕಾಗದದ ಮೇಲಿನದು. ಹದಿಮೂರು ತಂಡ ಹೆಸರು ಕೊಟ್ಟಿವೆ ಅಂದುಕೊಳ್ಳಿ: ಹಳ್ಳಿಮೈಸೂರಿನ ಕಡೆಯವರು, ಹಳೇಕೋಟೆಯವರು, ಅರಕಲಗೂಡಿನಿಂದ ಟೆಂಪೋ ಮಾಡಿಕೊಂಡು ಬಂದವರು, ಚನ್ನರಾಯಪಟ್ಟಣದ ಕಾಲೇಜಿನವರು. ಸಾಮಾನ್ಯವಾಗಿ ಮಾಡುವುದು ನಾಕೌಟ್. ಮೂರು ತಂಡಕ್ಕೆ ಬೈ, ಉಳಿದ ಹತ್ತು ತಂಡ ಮೊದಲ ಸುತ್ತು ಆಡಿ ಐದು ತಂಡ ಮನೆಗೆ. ಒಟ್ಟು 12 ಪಂದ್ಯ, ಲೆಕ್ಕ ಸಲೀಸು. ಆದರೆ ಬೆಳಿಗ್ಗೆ ಆರಕ್ಕೆ ಎದ್ದು ಟೆಂಪೋ ಹತ್ತಿ, ಮನೆಯಲ್ಲಿ ಅಪ್ಪನ ಕೈಕಾಲು ಹಿಡಿದು ಒಪ್ಪಿಸಿ ಬಂದ ಹುಡುಗಿ ಅರ್ಧ ಗಂಟೆ ಆಡಿ ವಾಪಸ್ ಹೋಗಬೇಕು! ಮುಂದಿನ ಸಲ ಅವಳಪ್ಪ ಕಳಿಸುತ್ತಾನೆಯೇ? ಎಲ್ಲರೂ ಎಲ್ಲರ ಮೇಲೂ ಆಡಲಿ ಎಂದರೆ 78 ಪಂದ್ಯ, ಸಂಕ್ರಾಂತಿಗೆ ಶುರು ಮಾಡಿದ್ದು ಬೇಗ ಮುಗಿಯುವುದಲ್ಲ. ಅದಕ್ಕೇ ನಾನು ನಾಲ್ಕು ಗುಂಪು ಮಾಡುತ್ತೇನೆ: ಮೂರರಲ್ಲಿ ಮೂರು ಮೂರು ತಂಡ, ಒಂದರಲ್ಲಿ ನಾಲ್ಕು. ಗುಂಪಿನೊಳಗೆ 15 ಪಂದ್ಯ, ಎರಡು ಸೆಮಿಫೈನಲ್, ಒಂದು ಫೈನಲ್, ಒಟ್ಟು 18. ನಾಕೌಟಿಗಿಂತ ಆರೇ ಆರು ಹೆಚ್ಚು. ಇಷ್ಟಕ್ಕೆ ಪ್ರತಿ ತಂಡಕ್ಕೂ ಕಡಿಮೆ ಎಂದರೆ ಎರಡು ಪಂದ್ಯ ಸಿಗುತ್ತವೆ. ಹೆಣ್ಣುಮಕ್ಕಳ ಪಂದ್ಯ 15 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ವಿರಾಮ. ಎರಡು ಅಂಕಣ ಹಾಕಿ ಒಂಬತ್ತಕ್ಕೆ ಸೀಟಿ ಊದಿದರೆ ನಾಲ್ಕು ಗಂಟೆಯೊಳಗೆ ಕಪ್ಪು ಕೈಗೆ. ಈ ಲೆಕ್ಕ ಕೂಡಿಬಂದಾಗ ಆಗುವ ಖುಷಿಯನ್ನು ಮನೆಯಲ್ಲಿ ಹೇಳಲು ಹೋಗಿ ನಾನು ಎಷ್ಟೋ ಸಲ ಬೈಸಿಕೊಂಡಿದ್ದೇನೆ.

ಲಾಟು ಎತ್ತುವುದು ಎಲ್ಲ ನಾಯಕರ ಎದುರಿಗೇ ಆಗಬೇಕು. ಚೀಟಿ ಬರೆದವನು ಎತ್ತಕೂಡದು. ಊರಿನ ಚಿಕ್ಕ ಮಗುವೊಂದನ್ನು ಕರೆದು ಸ್ಟೀಲ್ ಡಬ್ಬಿಗೆ ಕೈ ಹಾಕಿಸುತ್ತೇನೆ. ಆತಿಥೇಯ ತಂಡಕ್ಕೆ ಸುಲಭದ ಗುಂಪು ಬಿದ್ದರೆ ಮಗುವಿನ ಮೇಲೂ ಅನುಮಾನ ಪಡುವವರಿದ್ದಾರೆ. ಅಂಥವರಿಗೆ ಸ್ಕೋರ್ ಬರೆಯುವ ಪುಸ್ತಕ ಕೊಟ್ಟುಬಿಡಬೇಕು. ಕೂಗುವುದಕ್ಕೆ ಆಮೇಲೆ ಪುರುಸೊತ್ತಿರುವುದಿಲ್ಲ.

ಕಷ್ಟವಿರುವುದು ಮೈದಾನದಲ್ಲಲ್ಲ, ವೇದಿಕೆಯಲ್ಲಿ. ಫ್ಲೆಕ್ಸಿನಲ್ಲಿ ಯಾರ ಫೋಟೊ ಎಷ್ಟು ದೊಡ್ಡದು ಎಂಬ ವಿಷಯಕ್ಕೆ ಕಬಡ್ಡಿಗಿಂತ ಹೆಚ್ಚು ಹಿಡಿತ, ಎಳೆತ ನಡೆಯುತ್ತದೆ. ಬಂದ ಗಣ್ಯರೆಲ್ಲ ‘ನಾನು ಹೆಚ್ಚು ಮಾತಾಡುವುದಿಲ್ಲ’ ಎಂದೇ ಶುರು ಮಾಡುತ್ತಾರೆ. ಮಕ್ಕಳು ಬಿಸಿಲಲ್ಲಿ ಸಾಲಾಗಿ ನಿಂತಿರುತ್ತಾರೆ. ನಾನು ಕಂಡುಕೊಂಡ ಉಪಾಯ ಸರಳ: ಒಂಬತ್ತಕ್ಕೆ ಪಂದ್ಯ ಶುರು, ಗಣ್ಯರು ಬಂದಾಗ ಒಂದು ಅಂಕಣ ಮಾತ್ರ ನಿಲ್ಲಿಸಿ ಉದ್ಘಾಟನೆ. ಪಕ್ಕದ ಅಂಕಣದಲ್ಲಿ ಕೇಕೆ ಎದ್ದರೆ ಭಾಷಣ ತಾನಾಗಿ ಚಿಕ್ಕದಾಗುತ್ತದೆ. ಎಷ್ಟೋ ಭಾಷಣಕಾರರು ಮೈಕ್ ಬಿಟ್ಟು ಆ ಕಡೆಯೇ ನೋಡುತ್ತ ನಿಂತುಬಿಡುತ್ತಾರೆ. ಅವರೂ ಒಂದು ಕಾಲಕ್ಕೆ ಆಡಿದವರೇ.

ಜನಕ್ಕೆ ಉತ್ತರ ಹೇಳುವುದೂ ಈ ಕೆಲಸದ ಭಾಗ. ಶಾಲೆ ಮೈದಾನದಲ್ಲಿ ಒಂದು ಸುತ್ತಿನ ಓಟಕ್ಕೆ ಹುಡುಗರನ್ನು ನಿಲ್ಲಿಸುತ್ತಿದ್ದಾಗ ಅಜ್ಜಿಯೊಬ್ಬರು ತಡೆದರು.

‘ಅದ್ಯಾಕಪ್ಪ ಆ ಹುಡುಗನ್ನ ಅಷ್ಟು ಮುಂದ್ಕೆ ನಿಲ್ಸಿದ್ದೀಯ? ನಿಮ್ಮ ಸಂಘದೋನಾ?’

‘ಇಲ್ಲ ಕಣಜ್ಜಿ, ಅವನದು ಹೊರಗಡೆ ಸುತ್ತು. ಜಾಸ್ತಿ ಓಡ್ಬೇಕಾಯ್ತದೆ.’

‘ಎಷ್ಟು ಜಾಸ್ತಿ?’

‘ಏಳು ಮೀಟ್ರು.’

ಲೇನಿನ ಅಗಲ 1.22 ಮೀಟರ್ ಇದ್ದರೆ ಎರಡನೇ ಲೇನಿನವನು ಒಂದು ಸುತ್ತಿಗೆ ಸುಮಾರು 7 ಮೀಟರ್ ಮುಂದೆ ನಿಲ್ಲಬೇಕು. ಬೆರಗಿನ ಸಂಗತಿ ಎಂದರೆ ನಮ್ಮ ಶಾಲೆಯ 200 ಮೀಟರ್ ಟ್ರ್ಯಾಕಿಗೂ ಒಲಿಂಪಿಕ್ಸಿನ 400 ಮೀಟರ್ ಟ್ರ್ಯಾಕಿಗೂ ಈ ಅಂತರ ಒಂದೇ. ಮೈದಾನದ ಗಾತ್ರಕ್ಕೂ ಇದಕ್ಕೂ ಸಂಬಂಧವಿಲ್ಲ, ಲೇನಿನ ಅಗಲಕ್ಕೆ ಮಾತ್ರ. ಇದನ್ನು ಅಜ್ಜಿಗೆ ಹೇಳಲಿಲ್ಲ. ಅವರು ಓಟ ಮುಗಿಯುವ ತನಕ ನಿಂತು ನೋಡಿ, ‘ಮುಂದೆ ನಿಂತಿದ್ದೋನೇ ಸೋತ, ಅಂಗಾರೆ ಸರಿಯಾಗೇ ಇಟ್ಟಿದ್ದೀಯ’ ಎಂದು ಸರ್ಟಿಫಿಕೇಟ್ ಕೊಟ್ಟು ಹೋದರು.

2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋಖೋದ ಮೊದಲ ವಿಶ್ವಕಪ್ ಗೆದ್ದ ಭಾರತದ ವನಿತೆಯರ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಅಲ್ಲಿ ಆಟ ಮ್ಯಾಟ್ ಮೇಲೆ, ನಮ್ಮದು ಕೆಮ್ಮಣ್ಣಿನ ಮೇಲೆ. ಉದ್ದಗಲ, ಕಂಬದ ಎತ್ತರ ಎಲ್ಲ ಒಂದೇ ಆಗಲು ಅಡ್ಡಿಯೇನಿದೆ? ಕಂಬ ನೆಲದಿಂದ 120 ಸೆಂಟಿಮೀಟರಿಗೆ ಕಡಿಮೆ ಇರಬಾರದು, 125 ಮೀರಬಾರದು. ಹುಗಿದ ಮೇಲೆ ಮತ್ತೊಂದು ಸಲ ಅಳೆಯುತ್ತೇನೆ.

ಕಳೆದ ಕೂಟದ ಸಂಜೆ ಎರಡೂ ಪಂದ್ಯ ಸೋತ ತಂಡವೊಂದರ ನಾಯಕಿ ಬಂದು, ‘ಅಣ್ಣ, ಮುಂದಿನ ವರ್ಷ ವಾಲಿಬಾಲೂ ಇಡಿ, ಅದ್ರಲ್ಲಿ ನಾವು ಗೆಲ್ತೀವಿ’ ಅಂದಳು. ವಾಲಿಬಾಲ್ ಅಂಕಣ 18ಕ್ಕೆ 9, ಸುತ್ತ 3 ಮೀಟರ್ ಖಾಲಿ ಜಾಗ ಬೇಕು, ಅಂದರೆ 24ಕ್ಕೆ 15. ಖೋಖೋ ಅಂಕಣದ ಪಡುವಣಕ್ಕೆ ಹಾಕಿದರೆ ಹುಣಸೆಮರದ ಕೊಂಬೆ ಚೆಂಡಿಗೆ ಅಡ್ಡ ಬರುತ್ತದೆ. ಮೂಡಣಕ್ಕೆ ಹಾಕಿದರೆ ಸಂಜೆ ಬಿಸಿಲು ಒಂದು ತಂಡದ ಕಣ್ಣಿಗೆ. ಉತ್ತರ-ದಕ್ಷಿಣವಾಗಿ ತಿರುಗಿಸಿ ಹಾಕಿದರೆ ಹೇಗೆ ಎಂದು ಹೆಜ್ಜೆಯಲ್ಲೇ ಅಳೆಯಲು ಹೊರಟೆ. ಟೇಪಿನ ಆ ತುದಿ ಹಿಡಿಯಲು ಅವಳೇ ಬಂದಳು.