ಹೇಳಲಾಗದ ಮಾತು, ಎರಡು ಲೀಟರ್ ನೀರು

ಪುಣೆಯ ಆ ಮನೆಯಲ್ಲಿ ಅತ್ತೆ ಮೂರು ತಿಂಗಳು ಒಂದು ವಿಷಯ ಮುಚ್ಚಿಟ್ಟಿದ್ದರು. ಸಂಡಾಸಿಗೆ ಹೋದಾಗ ರಕ್ತ ಬೀಳುತ್ತಿತ್ತು. ಧಾರವಾಡದಲ್ಲಿ ಹುಟ್ಟಿ ಬೆಳೆದ 62 ವರ್ಷದ ಹೆಂಗಸು ಮಗನೆದುರು ಇದನ್ನು ಯಾವ ಮಾತಿನಲ್ಲಿ ಹೇಳಬೇಕು? ‘ಮಲ’ ಪುಸ್ತಕದ ಮಾತು, ‘ಎರಡಕ್ಕೆ’ ಮಕ್ಕಳ ಮಾತು. ಕೊನೆಗೊಂದು ದಿನ ರೊಟ್ಟಿ ತಟ್ಟುತ್ತ, ಮುಖ ತಿರುಗಿಸದೆ, ಸೊಸೆಗೆ ಹೇಳಿದರು. “ಮೂಲವ್ಯಾಧಿ ಇರಬೇಕು ಬಿಡವಾ. ಅವಗ ಹೇಳಬ್ಯಾಡ.”

ಸೊಸೆ ಬಿಡಲಿಲ್ಲ. ಡಾಕ್ಟರು ಮರಾಠಿಯಲ್ಲಿ ಕೇಳಿದ ಮೊದಲ ಪ್ರಶ್ನೆಯಲ್ಲೇ ‘ಸಂಡಾಸ’ ಇತ್ತು. ಧಾರವಾಡದಲ್ಲೂ ಪುಣೆಯಲ್ಲೂ ಒಂದೇ ಪದ. ಅವರ ಬಾಯಲ್ಲಿ ಅದು ಕೆಮ್ಮು, ನೆಗಡಿಯಷ್ಟೇ ಸಲೀಸು. ಮೂಲವ್ಯಾಧಿಯೇ ಇರಬಹುದು, ಆದರೆ ಈ ವಯಸ್ಸಿನಲ್ಲಿ ಒಳಗೆ ನೋಡದೆ ಹಾಗೆನ್ನುವಂತಿಲ್ಲ ಎಂದರು. ಕೊಲೊನೋಸ್ಕೋಪಿ ಬರೆದುಕೊಟ್ಟರು. ಸಕ್ಕರೆ ಕಾಯಿಲೆಗೆ, ರಕ್ತ ತೆಳುವಾಗಿಸಲು, ಕಬ್ಬಿಣಾಂಶಕ್ಕೆ ಏನಾದರೂ ಗುಳಿಗೆ ತೆಗೆದುಕೊಳ್ಳುತ್ತೀರಾ ಎಂದು ವಿಚಾರಿಸಿದರು. ಇವನ್ನು ಯಾವಾಗ ನಿಲ್ಲಿಸಬೇಕೆಂದು ಡಾಕ್ಟರೇ ಹೇಳಬೇಕು, ತಾವಾಗಿ ಬಿಡುವಂತಿಲ್ಲ.

ಅತ್ತೆಗೆ ಹೆದರಿಕೆ ಇದ್ದದ್ದು ನಳಿಗೆಯದು. ನಿಜವಾದ ಕಷ್ಟ ಇದ್ದದ್ದು ಹಿಂದಿನ ರಾತ್ರಿಯದು. ಎರಡು ದಿನ ಮೊದಲೇ ಜೋಳದ ರೊಟ್ಟಿ, ಕಾಳು, ಸೊಪ್ಪು, ಬೀಜದ ಹಣ್ಣು ಬಂದ್. ಬಿಳಿ ಅನ್ನ, ಮೊಸರು ಅಷ್ಟೇ. ಹಿಂದಿನ ದಿನ ಎಳನೀರು, ಹಾಲಿಲ್ಲದ ಚಹಾ, ಸೋಸಿದ ತಿಳಿಸಾರು. ಕೆಂಪು ಬಣ್ಣದ ಯಾವ ಪಾನಕವೂ ಬೇಡ, ಒಳಗೆ ಅದು ರಕ್ತದಂತೆ ಕಂಡೀತು. ಸಂಜೆ, ಎರಡು ಲೀಟರ್ ನೀರಿಗೆ ಕಲಸಿದ ಔಷಧದ ಪುಡಿ. ಅರ್ಧ ಅಂದೇ, ಇನ್ನರ್ಧ ಮರುದಿನ ನಸುಕಿನಲ್ಲಿ. ಉಪ್ಪುಪ್ಪು ರುಚಿ. ತಣ್ಣಗೆ ಮಾಡಿ ಕುಡಿದರೆ ಇಳಿಯುತ್ತದೆ. ತಾಸಿನೊಳಗೆ ಓಡಾಟ ಶುರುವಾಯಿತು. ಬರುವುದು ತಿಳಿ ಹಳದಿ ನೀರಾಗುವವರೆಗೂ ಹೋಗಬೇಕು. ಕರುಳು ಚೊಕ್ಕಟವಿರದಿದ್ದರೆ ಚಿಕ್ಕ ಗಂಟು ಕಣ್ತಪ್ಪುತ್ತದೆ. ರಾತ್ರಿ ಒಂದು ಗಂಟೆಗೆ ಬಾತ್‌ರೂಮಿನ ಹೊರಗೆ ನೀರಿನ ಲೋಟ ಹಿಡಿದು ನಿಂತಿದ್ದವನು ಮಗ. ಅವನಿಂದ ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ.

ಬೆಳಿಗ್ಗೆ ಆಸ್ಪತ್ರೆಯಲ್ಲಿ ಹಿಂದೆ ತೆರೆದ ಗೌನು, ಕೈಗೆ ಸೂಜಿ, ಎಡ ಮಗ್ಗುಲಾಗಿ ಮಲಗುವುದು. ಮಂಪರಿನ ಔಷಧ ಹೋಯಿತು. ಕಿರುಬೆರಳಿನಷ್ಟು ದಪ್ಪದ, ತುದಿಯಲ್ಲಿ ಕ್ಯಾಮೆರಾ ಇರುವ ನಳಿಗೆ ಸುಮಾರು ಒಂದೂವರೆ ಮೀಟರಿನ ದೊಡ್ಡಕರುಳನ್ನು ನೋಡಿ ಬರಲು ಅರ್ಧ ತಾಸು. ಕಣ್ಣು ಬಿಟ್ಟ ಅತ್ತೆ, ಯಾವಾಗ ಶುರು ಮಾಡುತ್ತೀರಿ ಎಂದು ನರ್ಸಿಗೆ ಕೇಳಿದರು. ಆಗಲೇ ಮುಗಿದಿತ್ತು. ಹೊಟ್ಟೆ ಉಬ್ಬರಿಸಿತ್ತು, ಗಾಳಿ ಹೋದ ಮೇಲೆ ಇಳಿಯಿತು. ಆ ದಿನ ಗಾಡಿ ಓಡಿಸುವಂತಿಲ್ಲ, ಜೊತೆಗೊಬ್ಬರು ಬೇಕು. ಜೋರು ಹೊಟ್ಟೆನೋವು, ಜ್ವರ, ಹೆಚ್ಚು ರಕ್ತ ಕಂಡರೆ ತಕ್ಷಣ ಬರಬೇಕು ಎಂದು ಚೀಟಿಯಲ್ಲಿ ಬರೆದಿತ್ತು. ಅಂಥದ್ದು ಅಪರೂಪ.

ಮೂಲವ್ಯಾಧಿ ಇತ್ತು. ಅದರಾಚೆ ಒಂದು ಸೆಂಟಿಮೀಟರಿನ ಗಂಟೂ ಇತ್ತು. ಅಲ್ಲೇ ಕತ್ತರಿಸಿ ಪರೀಕ್ಷೆಗೆ ಕಳಿಸಿದ್ದರು. ವಾರದಲ್ಲಿ ರಿಪೋರ್ಟ್ ಬಂತು. ಕ್ಯಾನ್ಸರ್ ಅಲ್ಲ, ಆದರೆ ಬಿಟ್ಟಿದ್ದರೆ ವರ್ಷಗಳಲ್ಲಿ ಆಗಬಹುದಾದ ಜಾತಿಯದು. ಮೂರು ವರ್ಷಕ್ಕೆ ಮತ್ತೆ ಬನ್ನಿ, ಒಡಹುಟ್ಟಿದವರಿಗೂ ತಿಳಿಸಿ ಎಂದರು ಡಾಕ್ಟರು.

ಅಂದು ಸಂಜೆ ಅತ್ತೆ ಧಾರವಾಡದ ತಂಗಿಗೆ ಫೋನ್ ಹಚ್ಚಿದರು. ಮಗ ಎದುರಿಗೇ ಕೂತಿದ್ದ. ದನಿ ತಗ್ಗಿಸಲಿಲ್ಲ.

“ಸಂಡಾಸದಾಗ ರಕ್ತ ಬಿದ್ರ ಸುಮ್ನ ಕೂಡಬ್ಯಾಡ, ತೋರಿಸ್ಕೋ.”

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತು ಬರಲಿಲ್ಲ.

“ಯಾವಾಗಿಂದ?” ಎಂದು ಕೇಳಿದರು ಅತ್ತೆ.