ಮುತ್ಯಾನ ಹೆಸರಿನ ಬಿಲ್ಲು

ಮಾಳಿಗೆಯ ಮೆಟ್ಟಿಲು ಹತ್ತುವಾಗಲೇ ಅಂಗಾಲು ಚುರ್ ಎನ್ನುತ್ತದೆ. ಚಪ್ಪಲಿ ಕೆಳಗೇ ಬಿಟ್ಟು ಬಂದಿದ್ದೀರಿ. ಮಾರ್ಚ್ ತಿಂಗಳು, ಹೊತ್ತು ಇನ್ನೂ ನೆತ್ತಿಗೆ ಬಂದಿಲ್ಲ. ಇದು ಖಜೂರಿ. ಆಳಂದ ತಾಲ್ಲೂಕಿನ ಹೋಬಳಿ ಊರು. ಸ್ವಲ್ಪ ಮುಂದೆ ಹೋದರೆ ಮಹಾರಾಷ್ಟ್ರದ ಗಡಿ. ನೀವು ನಿಂತಿರುವ ಮನೆಯ ಹಿಂದಿನ ಅರ್ಧ ಹಳೆಯ ಮಾಳಿಗೆ: ಕೆಳಗೆ ಕಟ್ಟಿಗೆಯ ಜಂತಿ, ಅದರ ಮೇಲೆ ಫರ್ಸಿ, ಫರ್ಸಿಯ ಮೇಲೆ ದಪ್ಪನೆಯ ಮಣ್ಣು. ಮುಂದಿನ ಅರ್ಧ ಆರ್‌ಸಿಸಿ. ಸೋಲಾರ್ ಕೂಡಿಸಲು ಬಂದ ಹುಡುಗ ಟೇಪು ಹಿಡಿದು ಎರಡರ ನಡುವಿನ ಗೆರೆಯ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದಾನೆ.

‘ಮಣ್ಣಿನ ಮಾಳಗಿ ಮ್ಯಾಲ ಬ್ಯಾಡ್ರಿ ಕಾಕಾ. ಬೋಲ್ಟ್ ಹಿಡಿಯಂಗಿಲ್ಲ. ಜೋರ್ ಗಾಳಿ ಬಂದ್ರ ಪ್ಲೇಟ್ ಹಾರ್ತಾವ.’

‘ಹಂಗಾದ್ರ ಮುಂದಿನ ಕಡೀಗೇ ಕೂಡಸು ತಮ್ಮಾ. ನೀರಿನ ಟಾಕಿ ಬೇಕಾದ್ರ ಸರಸೋಣು.’

ಟಾಕಿಯ ನೆರಳು ಎಲ್ಲಿ ಬೀಳುತ್ತದೆ ಎಂದು ಹುಡುಗ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾನೆ. ಆರು ಪ್ಲೇಟು, ಸುಮಾರು ಮೂರು ಕಿಲೋವ್ಯಾಟ್, ಹೆಚ್ಚುಕಡಿಮೆ ಮುನ್ನೂರು ಚದರಡಿ ಜಾಗ. ಒಳ್ಳೆಯ ಬಿಸಿಲಿದ್ದರೆ ದಿನಕ್ಕೆ ಹನ್ನೆರಡು ಯೂನಿಟ್. ಏಪ್ರಿಲ್-ಮೇ ತಿಂಗಳಲ್ಲಿ ಇನ್ನೂ ಜಾಸ್ತಿ ಬರುತ್ತದೆಂದು ಮನೆಯವರ ಲೆಕ್ಕ. ಹುಡುಗ ಅಲ್ಲವೆಂದು ತಲೆಯಾಡಿಸುತ್ತಾನೆ. ಪ್ಲೇಟಿನ ಶಕ್ತಿಯನ್ನು ಕಂಪನಿಗಳು ಅಳೆಯುವುದು 25 ಡಿಗ್ರಿ ಉಷ್ಣತೆಯಲ್ಲಿ. ಕಲಬುರಗಿ ಸೀಮೆಯ ಬೇಸಿಗೆಯಲ್ಲಿ ಪ್ಲೇಟೇ ಅರವತ್ತು ದಾಟುತ್ತದೆ, ಏರುವ ಒಂದೊಂದು ಡಿಗ್ರಿಗೂ ಉತ್ಪಾದನೆ ಚೂರುಚೂರೇ ಇಳಿಯುತ್ತದೆ. ಅದರ ಜೊತೆಗೆ ತೊಗರಿ ರಾಶಿಯ ಹೊತ್ತಿನ ಹೊಟ್ಟು, ಧೂಳು. ‘ವಾರಕ್ಕೊಮ್ಮಿ ನೀರು ಹಾಕಿ ಒರೆಸ್ರಿ, ಮುಂಜಾನೆ ತಂಪಿನ್ಯಾಗ’ ಎನ್ನುತ್ತಾನೆ. ಈ ಮಾತು ಯಾವ ಜಾಹೀರಾತಿನಲ್ಲೂ ಇರುವುದಿಲ್ಲ.

ಈಗ ಅವನು ಟಾಕಿಯ ನೆರಳಿಗೆ ಸರಿದು ಮೊಬೈಲ್ ತೆಗೆಯುತ್ತಾನೆ. ಪಿಎಂ ಸೂರ್ಯಘರ್ ಪೋರ್ಟಲ್. ನೀವೂ ಹೆಗಲ ಮೇಲಿಂದ ಇಣುಕುತ್ತೀರಿ. ರಾಜ್ಯ: ಕರ್ನಾಟಕ. ವಿದ್ಯುತ್ ಕಂಪನಿ: ಜೆಸ್ಕಾಂ. ಬಿಲ್ಲಿನ ಮೇಲಿನ ಅಕೌಂಟ್ ನಂಬರ್, ಓಟಿಪಿ. ಇಲ್ಲಿಯ ತನಕ ನಿಜಕ್ಕೂ ಸಲೀಸು. ಕರ್ನಾಟಕದಲ್ಲಿ ಒಂದು ದಶಕದ ಹಿಂದೆ ಮಾಳಿಗೆ ಸೋಲಾರ್ ಶುರುವಾದಾಗ ಅರ್ಜಿ, ಸ್ಥಳ ಪರಿಶೀಲನೆ, ಖರೀದಿ ಒಪ್ಪಂದ, ಮೀಟರ್ ಪರೀಕ್ಷೆ ಎಂದು ಕಾಗದದ ಕಂತೆಯೇ ಆಗುತ್ತಿತ್ತು. 2024ರ ಫೆಬ್ರುವರಿಯಲ್ಲಿ ಎರಡು ಬದಲಾವಣೆ ಒಟ್ಟಿಗೇ ಬಂದವು. ಒಂದು, ಕೋಟಿ ಮನೆಗಳಿಗೆಂದು 75,021 ಕೋಟಿ ರೂಪಾಯಿಯ ಈ ಸೂರ್ಯಘರ್ ಯೋಜನೆ. ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ. ಇನ್ನೊಂದು, ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ಬಂದ ತಿದ್ದುಪಡಿ. ಅದರ ಪ್ರಕಾರ ಹತ್ತು ಕಿಲೋವ್ಯಾಟ್ ತನಕದ ಅರ್ಜಿ ಎಲ್ಲ ರೀತಿಯಿಂದ ಪೂರ್ತಿಯಾಗಿದ್ದರೆ, ಅದು ಮಂಜೂರಾದಂತೆಯೇ. ತಾಂತ್ರಿಕ ಪರಿಶೀಲನೆಗೆ ಕಾಯಬೇಕಿಲ್ಲ. ಮನೆಯ ಲೋಡ್ ಕಡಿಮೆಯಿದ್ದರೆ ಅದನ್ನು ಏರಿಸುವುದೂ ಕಂಪನಿಯ ಕೆಲಸವೇ. ಎರಡನೆಯದರ ಸುದ್ದಿ ಕಡಿಮೆ ಆಯಿತು. ನನ್ನ ಮಟ್ಟಿಗೆ ದೊಡ್ಡದು ಅದೇ.

ಆದರೆ ‘ಎಲ್ಲ ರೀತಿಯಿಂದ ಪೂರ್ತಿಯಾಗಿದ್ದರೆ’ ಎಂಬ ಮಾತು ಇಲ್ಲೇ, ಈ ಕಾದ ಮಾಳಿಗೆಯ ಮೇಲೆ, ಎದುರು ಬಂದು ನಿಲ್ಲುತ್ತದೆ.

‘ಬಿಲ್ ಯಾರ ಹೆಸರ್ಲೆ ಅದರಿ?’

‘ನಮ್ಮ ಅಪ್ಪಂದು.’

‘ಅವ್ರ ಆಧಾರ್, ಬ್ಯಾಂಕ್ ಪಾಸ್‌ಬುಕ್?’

ಕಾಕಾ ಉತ್ತರಿಸುವುದಿಲ್ಲ. ಮೆಟ್ಟಿಲ ಮೇಲೆ ಕೂತ ಮೊಮ್ಮಗ ಹೇಳುತ್ತಾನೆ: ‘ಮುತ್ಯಾ ತೀರ್ಕೊಂಡು ಭಾಳ ವರ್ಷ ಆತು.’

ಕೆಳಗಿಳಿಯಿರಿ. ಪಡಸಾಲೆಯ ಗೋಡೆಯ ಮೇಲೆ ಮುತ್ಯಾನ ಫೋಟೋ ಇದೆ, ಪಕ್ಕದ ಮೊಳೆಗೆ ಕರೆಂಟ್ ಬಿಲ್ಲುಗಳ ಗೊಂಚಲು. ಎಲ್ಲದರ ಮೇಲೂ ಅವನದೇ ಹೆಸರು. ಇಷ್ಟು ವರ್ಷ ಇದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ದುಡ್ಡು ತುಂಬುವವರ ಹೆಸರು ಯಾರೂ ಕೇಳುವುದಿಲ್ಲ. ಸಬ್ಸಿಡಿ ಹಾಗಲ್ಲ. ಅರ್ಜಿದಾರನ ಹೆಸರಿಗೂ ಬಿಲ್ಲಿನ ಹೆಸರಿಗೂ ಬ್ಯಾಂಕ್ ಖಾತೆಯ ಹೆಸರಿಗೂ ತಾಳೆಯಾಗಬೇಕು. ಬಿಲ್ಲಿನ ಹೆಸರು ಬದಲಾಗಬೇಕೆಂದರೆ ಮನೆ ಯಾರದೆಂದು ತೋರಿಸಬೇಕು. ಅದಕ್ಕೆ ಪಂಚಾಯಿತಿಯ ಇ-ಸ್ವತ್ತು, ನಮೂನೆ 9 ಮತ್ತು 11. ಅದಕ್ಕೆ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ. ವಂಶವೃಕ್ಷದಲ್ಲಿ ಕಾಕಾನ ತಮ್ಮನೂ ಇದ್ದಾನೆ; ಅವನು ಪುಣೆಯಲ್ಲಿ ಕೆಲಸಕ್ಕಿದ್ದಾನೆ. ಅವನ ಒಪ್ಪಿಗೆ ಬಾಂಡ್ ಪೇಪರ್ ಮೇಲೆ ಬೇಕು, ಅದಕ್ಕೆ ಅವನು ಊರಿಗೆ ಬರಬೇಕು. ‘ಜಾತ್ರಿಗಿ ಬರ್ತಾನ’ ಎನ್ನುತ್ತಾಳೆ ಒಳಗಿನಿಂದ ಆಯಿ.

ಮಂಜೂರಾತಿಯ ಗಡಿಯಾರ ಶುರುವಾಗುವುದೇ ಇದೆಲ್ಲ ಮುಗಿದ ಮೇಲೆ. ಆದ್ದರಿಂದ ಸರಕಾರದ ದಾಖಲೆಯಲ್ಲಿ ಈ ಮನೆಯ ಅರ್ಜಿ ಒಂದು ದಿನವೂ ತಡವಾದದ್ದಲ್ಲ.

ಅನುಮತಿಯ ತೊಡಕು ಖಜೂರಿಗಷ್ಟೇ ಸೀಮಿತವೂ ಅಲ್ಲ. ಅಮೆರಿಕದಲ್ಲಿ ಮಾಳಿಗೆ ಸೋಲಾರಿನ ಪರವಾನಗಿ ನಗರಸಭೆ, ಕೌಂಟಿಗಳ ಕೈಯಲ್ಲಿದೆ. ಅಂಥ ಸ್ಥಳೀಯ ಆಡಳಿತಗಳು ಅಲ್ಲಿ ಸಾವಿರಾರು, ಒಂದೊಂದಕ್ಕೂ ಒಂದೊಂದು ನಮೂನೆ. 2021ರಲ್ಲಿ ಅಲ್ಲಿಯ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯವು ಸೋಲಾರ್‌ಆ್ಯಪ್ ಪ್ಲಸ್ ಎಂಬ ತಂತ್ರಾಂಶ ತಂದಿತು. ನಕ್ಷೆ ನಿಯಮಕ್ಕೆ ಹೊಂದಿದರೆ ಪರವಾನಗಿ ಕೂತಲ್ಲೇ ಸಿಗುತ್ತದೆ. ಮರುವರ್ಷ ಕ್ಯಾಲಿಫೋರ್ನಿಯಾ ಬಹುಪಾಲು ನಗರಗಳಿಗೆ ಇಂಥ ತತ್‌ಕ್ಷಣದ ವ್ಯವಸ್ಥೆಯನ್ನು ಕಾನೂನಿನಿಂದಲೇ ಕಡ್ಡಾಯ ಮಾಡಿತು. ನಮ್ಮಲ್ಲಿ ಆ ಹೊರೆ ಪಂಚಾಯಿತಿಯ ಮೇಲಿಲ್ಲ, ಮಂಜೂರಾತಿ ವಿದ್ಯುತ್ ಕಂಪನಿಯದು. ಗಡಿಯಾಚೆ ಮಹಾವಿತರಣ್, ಈಚೆ ಜೆಸ್ಕಾಂ, ಎರಡಕ್ಕೂ ಒಂದೇ ಪೋರ್ಟಲ್. ಆ ವಿಷಯದಲ್ಲಿ ನಾವು ಮುಂದೆಯೇ ಇದ್ದೇವೆ. ನಾವು ಹಿಂದೆ ಬಿದ್ದಿರುವುದು ಹೆಸರುಗಳಲ್ಲಿ.

ಇನ್ನೊಂದು ಲೆಕ್ಕ ಬಾಗಿಲಲ್ಲೇ ನಡೆಯುತ್ತಿದೆ. ಪಕ್ಕದ ಮನೆಯವ ಇಣುಕಿ ಕೇಳುತ್ತಾನೆ: ‘ಇನ್ನೂರು ಯೂನಿಟ್ ಫುಕಟ್ ಅದಲ್ಲೋ ಮಾರಾಯಾ, ಎರಡು ಲಕ್ಷ ಯಾಕ ಸುರೀತಿ?’ ಕೇಳುವುದು ಸರಿಯೇ. 2023ರಿಂದ ಗೃಹಜ್ಯೋತಿ ಇದೆ. ಬಿಲ್ಲು ಸೊನ್ನೆ ಬರುವ ಮನೆಗೆ ಸೋಲಾರಿನಿಂದ ಉಳಿಯುವುದು ಹೆಚ್ಚೇನಿಲ್ಲ. ಈ ಮನೆ ಬೇರೆ. ಒಟ್ಟು ಕುಟುಂಬ, ಎರಡು ಕೂಲರ್, ಫ್ರಿಜ್, ಬೋರ್‌ವೆಲ್ಲಿನ ಮೋಟಾರ್. ಬೇಸಿಗೆಯಲ್ಲಿ ಇನ್ನೂರು ದಾಟಿತೆಂದರೆ ಪೂರ್ತಿ ಬಿಲ್ಲೇ ತಲೆ ಮೇಲೆ. ಇಂಥ ಮನೆಗಳಿಗೆ ಇದು ನಿಜವಾಗಿ ಬೇಕು. ಅವೇ ಮನೆಗಳು ಹೆಚ್ಚಾಗಿ ಪಾಲಾಗದ ಆಸ್ತಿಯಲ್ಲಿ, ಹಿರಿಯರ ಹೆಸರಿನಲ್ಲೇ ಉಳಿದಿರುವಂಥವು.

ಈಗ ಕೆಲವು ತಿಂಗಳು ದಾಟಿಬಿಡೋಣ. ಜಾತ್ರೆ ಮುಗಿಯಿತು, ತಮ್ಮ ಬಂದು ಸಹಿ ಹಾಕಿ ಹೋದ, ಬಿಲ್ಲು ಕಾಕಾನ ಹೆಸರಿಗೆ ಬಂತು. ಅರ್ಜಿ ಹಾಕಿದ್ದೇ ಮಂಜೂರಿ. ಆರೂ ಪ್ಲೇಟು ದಕ್ಷಿಣಕ್ಕೆ ಮುಖ ಮಾಡಿ ಕೂತಿವೆ. ಮತ್ತೆ ಮಾಳಿಗೆ ಹತ್ತಿದ್ದೀರಿ. ಈ ಸಲ ಜೊತೆಗಿರುವುದು ಪರಿಶೀಲನೆಗೆ ಬಂದ ಇಂಜಿನಿಯರ್ ಸಾಹೇಬರು, ಅವರ ಹಿಂದೆ ಲೈನ್‌ಮನ್. ಸಾಹೇಬರು ಪ್ಲೇಟಿನ ನಂಬರುಗಳನ್ನು ಹಾಳೆಯೊಂದಿಗೆ ತಾಳೆ ನೋಡುತ್ತಾರೆ. ದೇಶದಲ್ಲೇ ತಯಾರಾದವು ಇದ್ದರಷ್ಟೇ ಸಬ್ಸಿಡಿ. ಲೈನ್‌ಮನ್‌ಗೆ ಅದರ ಗೊಡವೆ ಇಲ್ಲ. ಅವನು ಸೀದಾ ಅರ್ಥಿಂಗ್ ಗುಂಡಿಯ ಹತ್ತಿರ ಹೋಗಿ ಮುಚ್ಚಳ ತೆಗೆಸುತ್ತಾನೆ, ಬಗ್ಗಿ ತಂತಿ ಜಗ್ಗಿ ನೋಡುತ್ತಾನೆ. ಆಮೇಲೆ ಮೀಟರ್ ಹತ್ತಿರ ನಿಂತು, ‘ಮೇನ್ ತಗೀರಿ’ ಎನ್ನುತ್ತಾನೆ.

ಮೇನ್ ಇಳಿಯುತ್ತದೆ. ಇನ್‌ವರ್ಟರಿನ ಹಸಿರು ದೀಪ ಆರುತ್ತದೆ. ಹೊರಗೆ ಸುಡು ಬಿಸಿಲಿದೆ, ಒಳಗೆ ಫ್ಯಾನ್ ನಿಂತಿದೆ.

‘ಇದ್ಯಾಕ? ಸೂರ್ಯ ಇದ್ದಾನಲ್ಲ?’ ಆಯಿ ಕೇಳುತ್ತಾಳೆ.

‘ಲೈನ್‌ದಾಗ ಕರೆಂಟ್ ಹೋತು ಅಂದ್ರ ಇದೂ ಬಂದ್ ಆಗಬೇಕು ಆಯಿ. ಬಂದ್ ಆಗಲಿಲ್ಲಂದ್ರ ನಿಮ್ಮನಿ ಕರೆಂಟ್ ತಿರುಗಿ ಕಂಬಕ್ಕ ಬರ್ತದ. ಕಂಬದ ಮ್ಯಾಲ ನಾ ಇರ್ತೀನಿ.’

ಅನುಮತಿ ಸರಳವಾಗಲಿ ಎಂದು ಬರೆಯುವವರೆಲ್ಲ ಈ ಮಾತಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಕಾಗದ ಕಡಿಮೆ ಮಾಡಬಹುದು. ಗುಂಡಿಯ ಮುಚ್ಚಳ ತೆಗೆಸಿ ನೋಡುವ ಈ ಕೆಲಸವನ್ನು ಕಡಿಮೆ ಮಾಡಬಾರದು. ಕ್ಯಾಲಿಫೋರ್ನಿಯಾದಲ್ಲೂ ಪರವಾನಗಿ ತಂತ್ರಾಂಶ ಕೊಟ್ಟರೂ ಕೂಡಿಸಿದ ಮೇಲೆ ಮನುಷ್ಯ ಬಂದು ನೋಡುತ್ತಾನೆ. ಮಾಳಿಗೆಗಳು ಹೆಚ್ಚಿದಷ್ಟೂ ಹೀಗೆ ನೋಡುವವರು ಹೆಚ್ಚು ಬೇಕು, ಎರಡು ದಿಕ್ಕಿನ ಮೀಟರುಗಳು ಸ್ಟೋರಿನಲ್ಲಿ ಸಾಕಷ್ಟಿರಬೇಕು. ಸಿಬ್ಬಂದಿ ಹೆಚ್ಚಿಸದೆ ಮಂಜೂರಾತಿಯನ್ನಷ್ಟೇ ಚುರುಕು ಮಾಡಿದರೆ ಸಾಲು ಪೋರ್ಟಲಿನಿಂದ ಮೀಟರಿನ ಹತ್ತಿರಕ್ಕೆ ಬಂದು ನಿಲ್ಲುತ್ತದೆ.

ಪಂಚಾಯಿತಿಯ ಪಾತ್ರವೂ ಇಲ್ಲಿದೆ. ಇದೇ ಯೋಜನೆಯಲ್ಲಿ ತನ್ನ ವ್ಯಾಪ್ತಿಯ ಒಂದೊಂದು ಸೋಲಾರ್ ಮನೆಗೂ ಸ್ಥಳೀಯ ಸಂಸ್ಥೆಗೆ 1,000 ರೂಪಾಯಿ ಪ್ರೋತ್ಸಾಹಧನವಿದೆ. ನೂರು ಮನೆಯಾದರೆ ಒಂದು ಲಕ್ಷ. ಅನುಮತಿ ಕೊಡುವ ಅಧಿಕಾರ ಪಂಚಾಯಿತಿಗೆ ಇಲ್ಲದಿರಬಹುದು, ಆದರೆ ಯಾರ ಮನೆ ಯಾರದು, ಯಾರು ತೀರಿಕೊಂಡರು, ಯಾವ ತಮ್ಮ ಪುಣೆಯಲ್ಲಿದ್ದಾನೆ ಎಂಬುದು ಊರಲ್ಲಿ ಅದಕ್ಕಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೀಟರ್ ಓದುವವನ ಹತ್ತಿರ ಬಿಲ್ಲುಗಳ ಪಟ್ಟಿಯಿದೆ. ಮರಣ ನೋಂದಣಿಯ ಪುಸ್ತಕ ಸರಕಾರದ ಹತ್ತಿರವೇ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಖಜೂರಿಯಲ್ಲಿ ಎಷ್ಟು ಮೀಟರು ಮುತ್ಯಾಂದಿರ ಹೆಸರಿನಲ್ಲಿ ಓಡುತ್ತಿವೆ ಎಂದು ಒಂದೇ ದಿನದಲ್ಲಿ ಗೊತ್ತಾಗುತ್ತದೆ. ಪಿಡಿಒ, ನಾಡಕಚೇರಿಯವರು, ಜೆಸ್ಕಾಂ ಸೆಕ್ಷನ್ ಆಫೀಸಿನವರು, ಬ್ಯಾಂಕಿನವರು ಒಂದೇ ಟೇಬಲ್ ಹಾಕಿಕೊಂಡು ಕೂರಲಿ. ಹೊರಗೆ ದುಡಿಯಲು ಹೋದ ತಮ್ಮಂದಿರೆಲ್ಲ ಊರಲ್ಲಿರುವ ಜಾತ್ರೆಯ ವಾರದಲ್ಲೇ ಕೂರಲಿ.