ಸಿಗಡಿಯ ಹಾಗೆ ಹಿಂದಕ್ಕೆ

ಬ್ರೆಜಿಲಿಯನ್ ಜಿಯು-ಜಿಟ್ಸು ಕ್ಲಾಸಿಗೆ ಸೇರಿದ ಮೊದಲ ವಾರ ಯಾರೂ ಹೊಡೆಯೋದು ಕಲಿಸಲ್ಲ. ಈ ಆಟದಲ್ಲಿ ಹೊಡೆತವೇ ಇಲ್ಲ. ಕಲಿಸೋದು ನೆಲದ ಮೇಲೆ ಮಲಗಿ ಸೊಂಟ ಜಾರಿಸೋದನ್ನ. ಇಂಗ್ಲಿಷಿನಲ್ಲಿ ಇದಕ್ಕೆ ಶ್ರಿಂಪಿಂಗ್ ಅಂತಾರೆ. ಮೈ ಬಾಗುವ ರೀತಿ ಥೇಟ್ ಸಿಗಡಿಯದ್ದೇ. ನಮ್ಮ ಉಡುಪಿ ಕಡೆಯವರಿಗೆ ‘ಎಟ್ಟಿ’ ಅಂದ್ರೆ ಸಾಕು, ಚಿತ್ರ ಕಣ್ಣಿಗೆ ಕಟ್ಟುತ್ತೆ.

ನನ್ನ ತೂಕ 54 ಕೆ.ಜಿ. ಕ್ಲಾಸಿನಲ್ಲಿ ಜೋಡಿಯಾಗಿ ಸಿಗುವವರು ಕೆಲವೊಮ್ಮೆ 85. ಅವರು ಅಡ್ಡವಾಗಿ ಎದೆಯ ಮೇಲೆ ಎದೆ ಇಟ್ಟು ಒತ್ತಿದರೆ (ಸೈಡ್ ಕಂಟ್ರೋಲ್ ಅಂತ ಅದರ ಹೆಸರು) ಉಸಿರು ಅರ್ಧಕ್ಕೇ ನಿಲ್ಲುತ್ತೆ. ಹೀಗೆ ಒಬ್ಬರ ಕೆಳಗೆ ಸಿಕ್ಕಿಹಾಕಿಕೊಳ್ಳೋ ಭಯ ಎಂಥದ್ದು ಅಂತ ಹೆಣ್ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. ನಾನು ಅಲ್ಲಿಗೆ ಹೋಗಿದ್ದೇ ಆ ಭಯಕ್ಕಾಗಿ.

ಆಗ ಎಲ್ಲರ ಕೈಯೂ ತಾನಾಗಿ ಮಾಡೋದು ಒಂದೇ ಕೆಲಸ, ಮೇಲಿನವರನ್ನ ತಳ್ಳೋದು. 85 ಕೆ.ಜಿ. ಎತ್ತೋ ತೋಳು ನಮ್ಮಲ್ಲಿ ಎಷ್ಟು ಜನಕ್ಕಿದೆ? ಅದರ ಮೇಲೆ, ಚಾಚಿದ ಕೈ ಎದುರಾಳಿಗೆ ಸಿಕ್ಕರೆ ಮೊಣಕೈಗೆ ಬೀಗ ಬೀಳುತ್ತೆ. ಶ್ರಿಂಪಿಂಗ್‌ನ ಲೆಕ್ಕ ಉಲ್ಟಾ. ಅವರು ಇದ್ದಲ್ಲೇ ಇರಲಿ, ಜಾಗ ಬಿಡೋದು ನಾವು. ತೋಳಿಗಿಂತ ಕಾಲಿನ ಬಲ ದೊಡ್ಡದು, ಎದುರಾಳಿಯ ಮೈಗಿಂತ ನಮ್ಮ ಸೊಂಟ ಹಗುರ.

ಮಾಡೋದು ಹೀಗೆ. ಅಂಗಾತ ಮಲಗಿ ಎಡಗಾಲಿನ ಹಿಮ್ಮಡಿಯನ್ನ ಪೃಷ್ಠದ ಹತ್ತಿರ ತಂದು ನೆಲಕ್ಕೆ ಊರಿ. ಬಲ ಭುಜದ ಮೇಲೆ ಹೊರಳಿ. ಪಾದದಿಂದ ನೆಲವನ್ನ ಒತ್ತಿದಾಗ ಸೊಂಟ ಹಿಂದಕ್ಕೆ ಜಾರುತ್ತೆ, ಕೈಗಳು ಪಾದದ ಕಡೆ ಹೋಗುತ್ತವೆ. ಭಾರವೆಲ್ಲ ಪಾದ ಮತ್ತು ಭುಜದ ಮೇಲೆ ಇರಬೇಕು. ಬೆನ್ನು ಪೂರ್ತಿ ನೆಲಕ್ಕೆ ಅಂಟಿದ್ದರೆ ಒಂದಿಂಚೂ ಸರಿಯಲ್ಲ. ಹೀಗೆ ಮ್ಯಾಟಿನ ಈ ತುದಿಯಿಂದ ಆ ತುದಿವರೆಗೆ, ಪ್ರತಿ ಕ್ಲಾಸಿನಲ್ಲೂ. ಮನೆಯ ಹಾಲ್‌ನಲ್ಲಿ ಮಾಡ್ತಿದ್ದಾಗ ಅಮ್ಮ ನೋಡಿ, “ಎಂತದು ಮಾರಾಯ್ತಿ, ನೆಲ ಒರೆಸುದಾದ್ರೆ ಒಂದು ಒದ್ದೆ ಬಟ್ಟೆಯಾದ್ರೂ ಕಟ್ಕೊ” ಅಂದ್ರು.

ಜಪಾನಿನ ಮಿತ್ಸುಯೊ ಮಯೆದಾ ಎಂಬ ಜೂಡೋ ಪಟು 1914ರಲ್ಲಿ ಬ್ರೆಜಿಲ್‌ಗೆ ಬಂದರು. ಅವರಿಂದ ಗ್ರೇಸಿ ಕುಟುಂಬಕ್ಕೆ ಬಂದ ವಿದ್ಯೆ ಇದು. 1993ರ ಮೊದಲ ಯುಎಫ್‌ಸಿ ಪಂದ್ಯಾವಳಿಯಲ್ಲಿ ಸಣಕಲು ಮೈಯ ರಾಯ್ಸ್ ಗ್ರೇಸಿ ತನಗಿಂತ ದಪ್ಪಗಿದ್ದವರನ್ನ ನೆಲಕ್ಕೆ ತಂದು ಗೆದ್ದಾಗ ಜಗತ್ತು ತಿರುಗಿ ನೋಡ್ತು. ಇದನ್ನ ಆಫೀಸಿನ ಡೆಡ್‌ಲೈನ್‌ಗೆ ಹೋಲಿಸಿ ನಾಲ್ಕು ಸಾಲು ಬರೀಬಹುದು. ಬೇಡ, ಆ ಚಾಳಿ ಲಿಂಕ್ಡ್‌ಇನ್‌ಗೇ ಇರಲಿ.

ಇದು ಗೊತ್ತಿದ್ದರೆ ರಸ್ತೆಯಲ್ಲಿ ಯಾರೂ ಏನೂ ಮಾಡಲ್ಲ ಅಂತ ನಾನು ಹೇಳಲ್ಲ. ಓಡೋಕೆ ದಾರಿ ಇದ್ದರೆ ಮೊದಲು ಓಡಿ. ಬದಲಾಗಿದ್ದು ಒಂದು. ಕೆಳಗೆ ಸಿಕ್ಕಿದಾಗ ಈಗ ತಲೆ ಖಾಲಿಯಾಗಲ್ಲ, ಮಾಡೋಕೆ ಒಂದು ಕೆಲಸ ಇರುತ್ತೆ.

ಕಳೆದ ಗುರುವಾರ ಅದೇ 85 ಕೆ.ಜಿ.ಯವರ ಕೆಳಗಿದ್ದೆ. ಒಂದು ಮುಂದೋಳು ಅವರ ಕುತ್ತಿಗೆಗೆ, ಇನ್ನೊಂದು ಅವರ ಸೊಂಟದ ಮೂಳೆಗೆ ಅಡ್ಡ ಇಟ್ಟೆ, ತಳ್ಳಲಿಲ್ಲ. ಸೊಂಟ ಮೇಲಕ್ಕೆತ್ತಿದೆ. ಅವರ ಭಾರ ಚೂರು ಆಚೆ ವಾಲಿದ ಕೂಡಲೇ ಅವರ ಕಡೆ ಹೊರಳಿ ಹಿಂದಕ್ಕೆ ಸರಿದೆ. ಅಂಗೈ ಅಗಲದ ಜಾಗ ಸಿಕ್ತು. ಅಷ್ಟರಲ್ಲೇ ಮಂಡಿ ತೂರಿಸಿದೆ. ಒಂದು ಪೂರ್ತಿ ಉಸಿರು ಎಳೆದುಕೊಂಡೆ. ಅವರು ನಕ್ಕು ಮತ್ತೆ ಮೇಲೆ ಬಂದ್ರು, ಈ ಸಲ ಎಡಗಡೆಯಿಂದ.